ಮಗುವಿನ ಮಂಚ, ಬಳಸಿದ್ದು

ಸೋಮವಾರ ಬೆಳಿಗ್ಗೆ 9 ಗಂಟೆ 40 ನಿಮಿಷಕ್ಕೆ ಠಾಣೆಗೆ ಬಂದ ದೂರನ್ನು ಹೆಡ್ ಕಾನ್‌ಸ್ಟೇಬಲ್ ಮೊದಲು ದೂರು ಎಂದೇ ಒಪ್ಪಲಿಲ್ಲ. ಠಾಣೆಯಲ್ಲಿ ಅವನಿಗೆ ಗೊಣಗಪ್ಪ ಎಂದು ಹೆಸರು. ಬಿಸಿಲಿದ್ದರೆ ಬಿಸಿಲೆಂದು ಗೊಣಗುವನು, ಮೋಡ ಕವಿದರೆ ಮೋಡವೆಂದು ಗೊಣಗುವನು. ಹಿಡಿದ ಕೆಲಸ ಮಾತ್ರ ಬಿಡುವ ಆಸಾಮಿಯಲ್ಲ. ಎದುರಿಗೆ ನಿಂತ ಹೆಂಗಸು ಕನ್ನಡಕದಂಗಡಿಯ ನೀಲಿ ಕೋಟು ತೊಟ್ಟಿದ್ದಳು. ಎಂಟು ವರ್ಷದ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

“ಏನು ಕಳುವಾಗಿದೆ?”

“ಏನೂ ಕಳುವಾಗಿಲ್ಲ.”

“ಮತ್ತೆ?”

“ಇವಳ ಬೂಟು ಹರಾಜಿಗಿದೆ.”

“ಬೂಟು ಎಲ್ಲಿದೆ?”

“ಇವಳ ಕಾಲಲ್ಲೇ ಇದೆ.”

ಗೊಣಗಪ್ಪ ಮೇಜಿನ ಮೇಲಿಂದ ಬಗ್ಗಿ ನೋಡಿದ. ಕೆಂಪು ಬೂಟು. ಎಡಗಾಲಿನದರಲ್ಲಿ ಬಕಲ್ ಮುರಿದ ಕಡೆ ನೀಲಿ ಗುಂಡಿ ಹೊಲಿದಿದ್ದರು. “ಅಮ್ಮಾ, ಕಾಲಲ್ಲಿರೋ ಬೂಟಿಗೆ ನಾನು ಎಫ್‌ಐಆರ್ ಹಾಕಿದ್ರೆ, ನಾಳೆ ಮೇಲಿನೋರು ನನ್ನ ತಲೇನೇ ಹರಾಜಿಗಿಡ್ತಾರೆ,” ಎಂದ.

ಅವಳು ನಗಲಿಲ್ಲ. ಮೊಬೈಲ್ ತೆಗೆದು ಅವನ ಮುಂದಿಟ್ಟಳು. ಹಳೆಯ ಸಾಮಾನು ಮಾರುವ ಆನ್‌ಲೈನ್ ಹರಾಜು ತಾಣ. ‘ಮಗುವಿನ ಬೂಟು, ಒಂದು ಜೊತೆ, ಬಳಸಿದ್ದು.’ ಚಿತ್ರದಲ್ಲಿ ಅದೇ ಕೆಂಪು ಬೂಟು, ಅದೇ ನೀಲಿ ಗುಂಡಿ. ಬೂಟು ಇದ್ದದ್ದು ಒಂದು ಮರದ ಗೂಡಿನಲ್ಲಿ, ಗೂಡಿನ ಹಿಂದೆ ಹಳದಿ ಗೋಡೆ.

“ಈ ಗೂಡು?”

“ನಮ್ಮನೇದು. ಒಳಗಡೆ ಇರೋದು. ಬಾಗಿಲು ತೆಗೆದು ಒಳಗೆ ಬಂದ್ರೇನೇ ಕಾಣೋದು.” ಅವಳು ಚಿತ್ರದ ಮೇಲೆ ಬೆರಳಿಟ್ಟಳು. “ನಾನು ತೆಗೆದ ಫೋಟೋ ಅಲ್ಲ ಸಾರ್ ಇದು.”

ಗೊಣಗಪ್ಪನ ಗೊಣಗಾಟ ಅಲ್ಲಿಗೆ ನಿಂತಿತು. ಅವಳನ್ನು ಕೂರಿಸಿ, ನೀರು ಕೊಟ್ಟು, ಇನ್‌ಸ್ಪೆಕ್ಟರ ಕೋಣೆಗೆ ಹೋದ.

ಇನ್‌ಸ್ಪೆಕ್ಟರು ಹೆಚ್ಚು ಮಾತಿನ ಮನುಷ್ಯರಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಬೂಟಿನ ತುದಿಗೆ ಕೆಸರು ಅಂಟಿತ್ತು.

“ಕೆಸರು ಯಾವತ್ತಿನದು?”

“ಬುಧವಾರ ಶಾಲೆಯ ಮೈದಾನದಲ್ಲಿ ಮೆತ್ತಿಕೊಂಡು ಬಂದ್ಲು. ಗುರುವಾರ ಬೇರೆ ಚಪ್ಪಲಿ ಹಾಕ್ಕೊಂಡು ಹೋದ್ಲು. ಗುರುವಾರ ಸಂಜೆ ನಾನು ತೊಳೆದೆ.”

“ಗುರುವಾರ ಹಗಲು ಮನೇಲಿ ಯಾರು?”

“ಯಾರೂ ಇರಲ್ಲ. ನಾನು ಅಂಗಡಿಗೆ, ಇವಳು ಶಾಲೆಗೆ.”

“ಯಜಮಾನರು?”

“ಹೋಗಿ ಏಳು ತಿಂಗಳಾಯ್ತು. ಹೃದಯಾಘಾತ.”

ಇನ್‌ಸ್ಪೆಕ್ಟರು ಎಫ್‌ಐಆರ್ ದಾಖಲಿಸಲು ಹೇಳಿದರು: ಅಪರಿಚಿತ ವ್ಯಕ್ತಿಯಿಂದ ಮನೆಗೆ ಅತಿಕ್ರಮ ಪ್ರವೇಶ. ಕಳುವಾದ ವಸ್ತುಗಳು ಎಂಬಲ್ಲಿ ಗೊಣಗಪ್ಪ ‘ಏನೂ ಇಲ್ಲ’ ಎಂದು ಬರೆದ. ಬರೆಯುವಾಗ ಅವನಿಗೇ ಅದು ಸರಿಬರಲಿಲ್ಲ. ಕಳ್ಳ ಬಂದು ಕದ್ದುಕೊಂಡು ಹೋದರೆ ಹೋದ ಅಂತ ಸಮಾಧಾನವಾದರೂ ಉಂಟು. ಬಂದವನು ಏನೂ ಮುಟ್ಟದೆ ಹೋಗಿದ್ದಾನೆ ಅಂದರೆ ಅವನಿಗೆ ಬೇಕಾದ್ದು ಬೇರೆ ಏನೋ ಇದೆ.

ಅಂದೇ ಮಧ್ಯಾಹ್ನ ಮನೆಯ ಸ್ಥಳ ಪಂಚನಾಮೆ ಆಯಿತು. ಎರಡು ಕೋಣೆ, ಅಡುಗೆಮನೆ, ಹಿಂದೆ ತಗಡಿನ ಸೂರಿನ ಒಂದು ಕೆಲಸದ ಕೊಟ್ಟಿಗೆ. ಕಿಟಕಿಗಳಿಗೆ ಸರಳು. ಬಾಗಿಲು ಮುರಿದ ಗುರುತಿಲ್ಲ, ಬೀಗ ಕೆದಕಿದ ಗೀರಿಲ್ಲ. ಬೀಗ ಹೊಸದು, ನಾಲ್ಕು ತಿಂಗಳ ಹಿಂದೆ ಹಾಕಿಸಿದ್ದು. ಮೂರು ಕೀಲಿ. ಒಂದು ಅವಳ ಗೊಂಚಲಿನಲ್ಲಿ, ಒಂದು ಅಡುಗೆಮನೆಯ ಡಬ್ಬಿಯಲ್ಲಿ, ಇನ್ನೊಂದು ಅಂಗಡಿಯ ಅವಳ ಡ್ರಾಯರಿನಲ್ಲಿ. ಮೂರೂ ಇದ್ದವು.

“ಹಾಗಾದ್ರೆ ಗೋಡೆ ತೂರಿ ಬಂದ್ನಾ?” ಎಂದ ಗೊಣಗಪ್ಪ.

ತಮಾಷೆಗೆ ಅಂದದ್ದು. ಆದರೆ ಮಗು ಕೇಳಿಸಿಕೊಂಡಿತ್ತು. ಅದು ಗೋಡೆಯನ್ನೇ ನೋಡುತ್ತಾ ಅಮ್ಮನ ಸೊಂಟಕ್ಕೆ ಅಂಟಿಕೊಂಡಿತು. ಗೊಣಗಪ್ಪನಿಗೆ ತನ್ನ ನಾಲಿಗೆಯ ಮೇಲೆ ತನಗೇ ಸಿಟ್ಟು ಬಂತು.

ಸಂಜೆಯೊಳಗೆ ಇನ್‌ಸ್ಪೆಕ್ಟರು ಮುಂದೆ ನಿಂತು ಹೊಸ ಬೀಗ ಹಾಕಿಸಿದರು. ಯಾರು ಈ ಜಾಹೀರಾತು ಹಾಕಿದ್ದೆಂದು ಕೇಳಿ ಹರಾಜು ತಾಣದವರಿಗೆ ಪತ್ರ ಹೋಯಿತು. ಐದೇ ನಿಮಿಷದಲ್ಲಿ ಉತ್ತರವೂ ಬಂತು: ‘ನಿಮ್ಮ ಮನವಿ ನಮಗೆ ಅಮೂಲ್ಯ. ಕೆಲಸದ ಹತ್ತು ದಿನಗಳೊಳಗೆ ಸ್ಪಂದಿಸುತ್ತೇವೆ.’

“ಅಷ್ಟರಲ್ಲಿ ಮನೆ ಕಟ್ಟಿ ಗೃಹಪ್ರವೇಶಾನೂ ಮಾಡಬಹುದು,” ಎಂದು ಗೊಣಗಪ್ಪ ಗೊಣಗಿದ.

ಮಂಗಳವಾರ ಬೆಳಿಗ್ಗೆ ಅವಳು ಓಡುತ್ತಲೇ ಠಾಣೆಗೆ ಬಂದಳು. ಮೊಬೈಲ್ ಚಾಚಿದಳು.

‘ಮಗುವಿನ ಮಂಚ, ಬಳಸಿದ್ದು. ಒಳ್ಳೆಯ ಕೈಕೆಲಸ. ಇಷ್ಟು ದಿನ ಪ್ರೀತಿಯಿಂದ ಇಟ್ಟುಕೊಂಡದ್ದು. ಇನ್ನು ಇಟ್ಟುಕೊಳ್ಳಲು ಆಗದ ಕಾರಣ ಮಾರಾಟ. ಕೊಂಡವರು ಬಂದು ಒಯ್ಯಬೇಕು.’

ಕೆಳಗೆ ಹರಾಜು ಮುಗಿಯುವ ಸಮಯ: ಶನಿವಾರ ಸಂಜೆ ಆರು. ಆಗಲೇ ಇಬ್ಬರು ಕೂಗಿದ್ದರು.

ಚಿತ್ರದಲ್ಲಿ ಚಿಕ್ಕ ಮಂಚ, ಕಸೂತಿ ಹಾಕಿದ ದಿಂಬು. ದಿಂಬಿನ ನಡುವೆ ತಲೆಯಿಟ್ಟ ತಗ್ಗು ಹಾಗೇ ಇತ್ತು. ಇನ್‌ಸ್ಪೆಕ್ಟರು ಅದನ್ನು ಎರಡು ಸಲ ನೋಡಿದರು. ಅವರಿಗೂ ಮನೆಯಲ್ಲಿ ಇಷ್ಟೇ ವಯಸ್ಸಿನ ಮೊಮ್ಮಗಳಿದ್ದಳು.

“ಬೀಗ ಬದಲಾಯಿಸಿದ ಮೇಲೂ ಬಂದಿದಾನೆ ಸಾರ್,” ಎಂದಳು ತಾಯಿ. “ಕೊಂಡೋರು ಬಂದು ಒಯ್ಯಬೇಕಂತೆ. ಏನನ್ನ ಒಯ್ತಾರೆ? ಶನಿವಾರ ಆರು ಗಂಟೆಗೆ ಏನಾಗತ್ತೆ? ನನ್ನ ಮಗೂನ...” ಅಲ್ಲಿಗೆ ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಮಹಿಳಾ ಕಾನ್‌ಸ್ಟೇಬಲ್ ಹತ್ತಿರ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಈಕೆಗೆ ಠಾಣೆಯಲ್ಲಿ ಹರಾಜಮ್ಮ ಎಂದೇ ಹೆಸರು. ಸಂಬಳ ಬಂದ ದಿನ ಶುರುವಾದರೆ ಮಿಕ್ಸಿಯಿಂದ ಸೈಕಲ್‌ವರೆಗೆ ಅದೇ ತಾಣದಲ್ಲಿ ಕೂಗಿ ಕೊಳ್ಳುವವಳು. ಎರಡು ಸಲ ಮೋಸ ಹೋಗಿ ಬುದ್ಧಿ ಕಲಿತವಳು ಕೂಡ. ಚಿತ್ರವನ್ನು ನೋಡಿ ಕೇಳಿದಳು: “ಅಕ್ಕಾ, ಈ ಹಾಸಿಗೆ ಬಟ್ಟೆ ಈಗಲೂ ಇದೇನಾ?”

ತಾಯಿ ಕಣ್ಣೊರೆಸಿಕೊಂಡು ದಿಟ್ಟಿಸಿದಳು. “ಇಲ್ಲ... ಇದು ಹೋದ ವಾರದ್ದು. ಭಾನುವಾರ ಬದಲಾಯಿಸಿದೆ.”

“ನೋಡಿ ಮತ್ತೆ. ಇದೂ ಗುರುವಾರದ ಫೋಟೋನೇ. ಹೊಸ ಬೀಗ ದಾಟಿಲ್ಲ ಅವನು.”

ಹೋದ ಜೀವ ಅರ್ಧ ಬಂದಂತಾಯಿತು ಅವಳಿಗೆ. ಅರ್ಧವೇ. ಅಂದರೆ ಆ ಗುರುವಾರ ಅವನು ಮನೆಯೆಲ್ಲ ಓಡಾಡಿದ್ದಾನೆ, ಮಗುವಿನ ದಿಂಬಿನ ಮುಂದೆ ನಿಂತಿದ್ದಾನೆ. ಇನ್ನೂ ಎಷ್ಟು ಚಿತ್ರ ಅವನ ಬಳಿ ಇವೆಯೋ, ಯಾರಿಗೆ ಗೊತ್ತು?

“ಸ್ವಲ್ಪ ದಿನ ಇರೋಕೆ ನೆಂಟರ ಮನೆ ಇದೆಯಾ?” ಎಂದರು ಇನ್‌ಸ್ಪೆಕ್ಟರು.

“ನಮ್ಮ ಕಡೆ ಯಾರೂ ಹತ್ತಿರದಲ್ಲಿಲ್ಲ.”

“ಚಿಕ್ಕಪ್ಪನ ಮನೇಗೆ ಹೋಗೋಣಮ್ಮ,” ಎಂದಿತು ಮಗು.

“ಸುಮ್ನಿರು,” ಎಂದಳು ತಾಯಿ. ಇನ್‌ಸ್ಪೆಕ್ಟರ ಕಡೆ ತಿರುಗಿ, “ಮೈದುನ. ಮಾತುಕತೆ ಇಲ್ಲ. ಅವನು ಅಂಥೋನಲ್ಲ, ಮತ್ತೆ ಅವನ ಹತ್ರ ಈ ಬೀಗದ ಕೀಲೀನೂ ಇಲ್ಲ,” ಎಂದಳು.

ಪೇದೆಯೊಬ್ಬನನ್ನು ಮನೆಯ ಮುಂದೆ ಕಾವಲಿಗೆ ಹಾಕಿದರು. ಅವಳು ಅಂದಿನಿಂದ ಕೆಲಸಕ್ಕೆ ಹೋಗಲಿಲ್ಲ, ಮಗುವನ್ನು ಶಾಲೆಗೆ ಕಳಿಸಲಿಲ್ಲ. ಮಗು ತನ್ನ ಮಂಚದ ಮೇಲೆ ಕೂರುವುದನ್ನೂ ಬಿಟ್ಟಿತು. ಅಡುಗೆಮನೆಯ ನೆಲದ ಮೇಲೆ ಅಮ್ಮನ ಜೊತೆಯೇ ಮಲಗುತ್ತಿತ್ತು. “ಅದು ಈಗ ನಂದಲ್ಲ ಅಲ್ವಾ? ಯಾರೋ ತಗೊಂಡಿದಾರೆ ಅಲ್ವಾ?” ಎಂದು ಪೇದೆಯನ್ನು ಕೇಳಿತಂತೆ. ಅವನು ಬಂದು ಠಾಣೆಯಲ್ಲಿ ಹೇಳಿದ.

ಬುಧವಾರ ಹರಾಜಮ್ಮ ಊಟದ ಡಬ್ಬಿ ಮುಚ್ಚಿಟ್ಟು ಇನ್‌ಸ್ಪೆಕ್ಟರ ಕೋಣೆಗೆ ಬಂದಳು.

“ಸಾರ್, ಆ ಅಕ್ಕಾನೂ ಇದೇ ತಾಣದಲ್ಲಿ ಸಾಮಾನು ಮಾರ್ತಾರೆ, ಅದಕ್ಕೇ ಆ ಬೂಟು ಅವರ ಕಣ್ಣಿಗೆ ಬಿತ್ತು. ಗಂಡ ಮಾಡಿದ ಆಟದ ಇಂಜಿನ್‌ಗಳು. ಹಿತ್ತಾಳೇವು, ಅಂಗೈ ಅಗಲ, ನಿಜವಾಗ್ಲೂ ಉಗಿಯಲ್ಲಿ ಓಡ್ತಾವಂತೆ. ಇಲ್ಲಿ ನೋಡಿ, ಅವರು ಬರೆದಿರೋದು.”

ಇನ್‌ಸ್ಪೆಕ್ಟರು ಓದಿದರು. ‘ಉಗಿ ಇಂಜಿನ್, ಬಳಸಿದ್ದು. ನನ್ನ ದಿವಂಗತ ಪತಿ ಮಾಡಿದ್ದು. ಒಳ್ಳೆಯ ಕೈಕೆಲಸ. ಇಷ್ಟು ದಿನ ಪ್ರೀತಿಯಿಂದ ಇಟ್ಟುಕೊಂಡದ್ದು. ಇನ್ನು ಇಟ್ಟುಕೊಳ್ಳಲು ಆಗದ ಕಾರಣ ಮಾರಾಟ.’

“ಮಂಚಕ್ಕೆ ಬರೆದಿರೋದೂ ಇದೇ ಮಾತು,” ಎಂದರು.

“ಅಕ್ಷರಕ್ಕಕ್ಷರ ಸಾರ್. ಬೇಕಂತಲೇ ಅಣಕಿಸಿದಾನೆ. ಇನ್ನೊಂದಿದೆ. ಈ ಫೋಟೋ ನೋಡಿ. ಇಂಜಿನ್ ಪಕ್ಕ ಏನಿದೆ?”

ಇಂಜಿನ್ನಿನ ಪಕ್ಕ ಮೇಜಿನ ಮೇಲೆ ಒಂದು ಕೀಲಿ ಗೊಂಚಲು ಬಿದ್ದಿತ್ತು. ಕೊಳ್ಳುವವರಿಗೆ ಗಾತ್ರ ತಿಳಿಯಲೆಂದು ಇಟ್ಟದ್ದು. ಕೆಲವರು ನಾಣ್ಯ ಇಡುತ್ತಾರೆ, ಕೆಲವರು ಬೆಂಕಿಪೊಟ್ಟಣ ಇಡುತ್ತಾರೆ. ಈಕೆ ಕೈಗೆ ಸಿಕ್ಕ ಕೀಲಿ ಇಟ್ಟಿದ್ದಳು. ಮನೆಯ ಬಾಗಿಲಿನ ಕೀಲಿ ಅಡ್ಡಡ್ಡ ಮಲಗಿತ್ತು, ಹಲ್ಲು ಒಂದೊಂದೂ ಎಣಿಸುವಷ್ಟು ಸ್ಪಷ್ಟ.

ಇನ್‌ಸ್ಪೆಕ್ಟರು ಕುರ್ಚಿಗೆ ಒರಗಿದರು. “ಅಯ್ಯೋ ದೇವರೇ,” ಎಂದರು. ಅವರು ಹಾಗೆ ಅಂದದ್ದನ್ನು ಹರಾಜಮ್ಮ ಕೇಳಿದ್ದು ಅದೇ ಮೊದಲು. “ಮನೆ ಕೀಲೀನ ಊರಿಗೆಲ್ಲ ತೋರಿಸಿದಾರೆ.”

“ನಾನೂ ನನ್ನ ಹಳೇ ಸ್ಟೌ ಪಕ್ಕ ಕೀಲಿ ಇಟ್ಟೇ ಫೋಟೋ ತೆಗೆದಿದ್ದೆ ಸಾರ್. ಈಗ ಡಿಲೀಟ್ ಮಾಡಿ ಬಂದೆ,” ಎಂದಳು ಅವಳು. “ಯಾರ ಜೊತೆ ವ್ಯವಹಾರ, ದುಡ್ಡು ಹೇಗೆ ಕೊಡಬೇಕು ಅಂತ ನೂರು ಸಲ ಯೋಚಿಸ್ತೀವಿ. ಫೋಟೋದಲ್ಲಿ ಇನ್ನೇನು ಬಿದ್ದಿದೆ ಅಂತ ಯಾರು ನೋಡ್ತಾರೆ?”

ತಾಯಿಯನ್ನು ಕರೆಸಿ ಕೇಳಿದಾಗ ಅವಳು ತಲೆ ತಲೆ ಚಚ್ಚಿಕೊಂಡಳು. ತನ್ನ ಕೈಯಾರೆ ಬಾಗಿಲು ತೆಗೆದುಕೊಟ್ಟಂತಾಯಿತಲ್ಲ ಎಂದು ಅತ್ತಳು. ಸಮಾಧಾನ ಮಾಡುವುದು ಹರಾಜಮ್ಮನಿಗೂ ಕಷ್ಟವಾಯಿತು.

ಆದರೆ ಇನ್‌ಸ್ಪೆಕ್ಟರಿಗೆ ಒಂದು ವಿಷಯ ಬಗೆಹರಿಯಲಿಲ್ಲ. ಚಿತ್ರದಿಂದ ಹಲ್ಲಿನ ಆಕಾರ ಸಿಗುತ್ತದೆ, ಅಳತೆ ಸಿಗುವುದಿಲ್ಲ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೀಗ ತಿರುಗುವುದಿಲ್ಲ. ಕೀಲಿಯಿಂದ ಇಂಜಿನ್ನಿನ ಗಾತ್ರ ತಿಳಿಯಲಿ ಎಂದು ಅವಳು ಇಟ್ಟದ್ದು. ಅವನು ಇಂಜಿನ್ನಿನಿಂದ ಕೀಲಿಯ ಗಾತ್ರ ತಿಳಿದುಕೊಂಡಿರಬೇಕು. ಹಾಗಾದರೆ ಅವನಿಗೆ ಇಂಜಿನ್ನಿನ ಅಳತೆ ಕರಾರುವಾಕ್ಕಾಗಿ ಗೊತ್ತಿರಬೇಕು. ಜಾಹೀರಾತಿನಲ್ಲಿ ಅಳತೆ ಬರೆದಿರಲಿಲ್ಲ.

“ಕೊಂಡೋನು,” ಎಂದ ಗೊಣಗಪ್ಪ. “ಇಂಜಿನ್ ಅವನ ಕೈಲೇ ಇದೆಯಲ್ಲ. ಅಳೆದಿದಾನೆ.”

ಗುರುವಾರ ಬೆಳಿಗ್ಗೆ 11 ಗಂಟೆಗೆ ಕೊಂಡವನ ಮನೆಗೆ ಹೋದರು. ನಿವೃತ್ತ ಹಲ್ಲಿನ ವೈದ್ಯರು. ನಡುಮನೆಯ ತುಂಬ ಪುಟ್ಟ ಹಳಿ, ಪುಟ್ಟ ರೈಲು, ಪುಟ್ಟ ಸೇತುವೆ. ನೆಲಕ್ಕೆ ಕಾಲಿಡಲು ಜಾಗವಿಲ್ಲ. ಪೊಲೀಸರನ್ನು ಕಂಡದ್ದೇ ಅವರ ಮುಖ ಬಿಳಿಚಿಕೊಂಡಿತು.

“ನಾನು ರಸೀದಿ ಇಟ್ಟಿದೀನಿ,” ಎಂದರು, ಕೇಳುವ ಮೊದಲೇ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು,” ಎಂದು ಗೊಣಗಪ್ಪ ಹರಾಜಮ್ಮನ ಕಿವಿಯಲ್ಲಿ ಗೊಣಗಿದ.

ಇನ್‌ಸ್ಪೆಕ್ಟರು ಕೇಳಿದರು: “ಇಂಜಿನ್ ಯಾವತ್ತು ಕೈಗೆ ಬಂತು?”

“ಹೋದ ಶುಕ್ರವಾರ. ಕೊರಿಯರ್‌ನವನು ಸಹಿ ಹಾಕಿಸಿಕೊಂಡ.”

ರಸೀದಿಯಲ್ಲೂ ಶುಕ್ರವಾರವೇ ಇತ್ತು. ಮನೆಯೊಳಗಿನ ಚಿತ್ರಗಳು ಗುರುವಾರದವು. ಗೊಣಗಪ್ಪ ಮುಖ ಸಿಂಡರಿಸಿದ.

ಹೊರಡುವಾಗ ವೈದ್ಯರಿಗೆ ಧೈರ್ಯ ಬಂತು. ಇಂಜಿನ್ ತಂದು ಮಗುಚಿ ತೋರಿಸಿದರು. “ಆ ಹೆಣ್ಮಗಳಿಗೆ ಒಂದು ಮಾತು ಹೇಳಿ. ಗಂಡ ಮಾಡಿದ್ದು ಅಂತ ಬರೆದಿದಾರೆ. ಇದು ಇಬ್ಬರ ಕೆಲಸ. ನೋಡಿ, ಅಡಿಯಲ್ಲಿ ಎರಡು ಮುದ್ರೆ. ಒಂದು ಎಲೆ, ಒಂದು ಮೀನು. ಚಕ್ರದ ಒಳಗಡೆ ಬರೀ ಮೀನು. ಮಾಡಿದೋನ ಗುರುತು ಹಾಗೆ ನುಂಗಬಾರದು.”

ಜೀಪಿನಲ್ಲಿ ಹರಾಜಮ್ಮ ಹೇಳಿದಳು: “ಸಾರ್, ತಾಣದೋರು ಹತ್ತು ದಿನ ಅಂತಾರೆ. ಮಾರೋನಿಗೆ ನಾವೇ ಒಂದು ಪ್ರಶ್ನೆ ಕೇಳಬಹುದು. ಕೊಳ್ಳೋರು ಕೇಳ್ತಾರಲ್ಲ, ಹಾಗೆ.”

“ಏನಂತ?”

“ಮಂಚದ ಅಳತೆ ಎಷ್ಟು ಅಂತ. ಬೇರೇನು ಕೇಳಿದ್ರೂ ಅನುಮಾನ ಬರತ್ತೆ.”

ತನ್ನ ಖಾತೆಯಿಂದಲೇ ಕೇಳಿದಳು. ‘ಮಂಚ ಎಷ್ಟುದ್ದ ಇದೆ? ನಮ್ಮ ಕೋಣೆ ಚಿಕ್ಕದು.’ ಮಧ್ಯಾಹ್ನ ಕಳೆಯಿತು, ಸಂಜೆ ಕಳೆಯಿತು, ಉತ್ತರವಿಲ್ಲ. ಶುಕ್ರವಾರ ಬೆಳಿಗ್ಗೆ ಬಂತು.

‘1385 ಉದ್ದ, 690 ಅಗಲ, ಎತ್ತರ 412.’

ಅಷ್ಟೇ. ನಮಸ್ಕಾರವಿಲ್ಲ, ಅಡಿಯೋ ಅಂಗುಲವೋ ಎಂದೂ ಇಲ್ಲ.

ಇನ್‌ಸ್ಪೆಕ್ಟರು ಟೇಪು ಹಿಡಿದು ಗೊಣಗಪ್ಪನ ಜೊತೆ ಆ ಮನೆಗೆ ಹೋದರು. ಮಂಚ ಅಳೆದರು. ಮಿಲಿಮೀಟರಿನಲ್ಲಿ ಸಾವಿರದ ಮುನ್ನೂರ ಎಂಬತ್ತೈದು. ಒಂದು ಕೂಡ ಹೆಚ್ಚಿಲ್ಲ, ಒಂದು ಕೂಡ ಕಮ್ಮಿಯಿಲ್ಲ. ನೋಡುತ್ತಿದ್ದ ತಾಯಿ ಟೇಪಿನ ಮೇಲಿನ ಅಂಕಿಯನ್ನು ತಾನೇ ಓದಿದಳು. “ಅಳೆದೂ ಹೋಗಿದಾನಾ? ಇವಳು ಮಲಗೋ ಜಾಗ ಅಳೆದು ಹೋಗಿದಾನಾ?”

“ಅಮ್ಮಾ, ಕೂತ್ಕೊಳ್ಳಿ,” ಎಂದರು ಇನ್‌ಸ್ಪೆಕ್ಟರು. “ಮಂಚಾನ ಮಿಲಿಮೀಟರಲ್ಲಿ ಹೇಳೋರು ಯಾರು? ನೀವು ಹೇಳ್ತೀರಾ? ನಾನು ಹೇಳ್ತೀನಾ?”

ಅವಳು ಅರ್ಥವಾಗದೆ ನೋಡಿದಳು.

“ಈ ಮಂಚ ಎಲ್ಲಿ ಕೊಂಡಿದ್ದು?”

“ಕೊಂಡಿದ್ದಲ್ಲ. ನಮ್ಮೋರು, ಅವರ ತಮ್ಮ ಸೇರಿ ಹಿಂದಿನ ಕೊಟ್ಟಿಗೆಯಲ್ಲಿ...” ಅವಳು ಮಂಚದ ಅಂಚಿಗೆ ಕೂತಳು. “ಇಲ್ಲ. ಅವನಲ್ಲ. ಇವಳು ಅಂದ್ರೆ ಅವನಿಗೆ ಪ್ರಾಣ.”

“ನಿಮ್ಮ ಮೈದುನ ಏನು ಕೆಲಸ ಮಾಡ್ತಾರೆ?”

“ಪಂಪು ಮಾಡೋ ಕಾರ್ಖಾನೆಯಲ್ಲಿ. ಲೋಹ ಕಡೆಯೋ ಲೇತ್ ಮೇಲೆ.”

“ಇಂಜಿನ್ ಅಡಿಯಲ್ಲಿ ಮೀನಿನ ಮುದ್ರೆ ಇದೆ. ಯಾರದು?”

“ಅವಂದೇ,” ಎಂದಳು. ಕಣ್ಣೀರು ತಾನೇ ಇಳಿಯಿತು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ಗಂಡ ಸತ್ತ ಮೂರನೇ ತಿಂಗಳು. ಒಂದು ಸಂಜೆ ಅಂಗಡಿಯಿಂದ ಬಂದು ಬಾಗಿಲಿಗೆ ಕೈ ಹಾಕಿದಾಗ ಒಳಗಿನಿಂದ ಇಂಜಿನ್ ಓಡುವ ಸದ್ದು, ಸಣ್ಣ ಸಿಳ್ಳೆ. ಗಂಡ ದಿನಾ ಸಂಜೆ ಹಾಗೆಯೇ ಓಡಿಸುತ್ತಿದ್ದ. ಅವಳು ಅಲ್ಲೇ ಮೂರ್ಛೆ ಬಿದ್ದಳು. ಎಚ್ಚರವಾದಾಗ ಎದುರಿಗೆ ಮೈದುನ. ಅಣ್ಣನ ಹಳೆಯ ಕೀಲಿಯಿಂದ ಬಂದು, ಯಾರೂ ಇಲ್ಲವೆಂದು ಇಂಜಿನ್ ಓಡಿಸಿ ನೋಡುತ್ತಾ ಕೂತಿದ್ದನಂತೆ.

“ಅವತ್ತು ಬಾಯಿಗೆ ಬಂದಂಗೆ ಬೈದೆ. ಬೀಗ ಬದಲಾಯಿಸಿದೆ. ಆ ಇಂಜಿನ್‌ಗಳನ್ನ ಕಂಡ್ರೆ ಉಸಿರು ಕಟ್ಟತ್ತೆ ಸಾರ್ ನಂಗೆ. ಒಂದೊಂದಾಗಿ ಮನೆಯಿಂದ ಹೋದ್ರೆ ಸಾಕು ಅಂತ ಮಾರೋಕೆ ಶುರು ಮಾಡಿದೆ. ಅವನು ಫೋನ್ ಮಾಡಿದ. ಒಂದು ನಂಗೆ ಕೊಡಿ ಅತ್ತಿಗೆ ಅಂದ. ನಾನು...”

“ನೀವು?”

“ಬೇಕಾದ್ರೆ ಹರಾಜಲ್ಲಿ ಕೂಗಿ ತಗೋ ಅಂದೆ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೊಣಗಪ್ಪ ಕಿಟಕಿಯ ಕಡೆ ತಿರುಗಿ ನಿಂತ.

ಆದರೂ ಅವನೇ ಎಂದು ಹೇಳಲು ಒಂದು ಮುದ್ರೆ, ಒಂದು ಅಳತೆ ಸಾಲದು. ಶುಕ್ರವಾರ ಸಂಜೆ ಕಾರ್ಖಾನೆಯ ಹಾಜರಿ ವಿಚಾರಿಸಿದರು: ಹಿಂದಿನ ವಾರದ ಗುರುವಾರ ಅವನು ರಜೆ. ಶನಿವಾರ ಮಧ್ಯಾಹ್ನ ಜೀಪು ಕಾರ್ಖಾನೆಯ ಗೇಟಿಗೆ ಹೋಯಿತು. ಹರಾಜು ಮುಗಿಯಲು ನಾಲ್ಕು ಗಂಟೆ ಉಳಿದಿತ್ತು. ಮಂಚಕ್ಕೆ ಅಷ್ಟರಲ್ಲಿ ಒಂಬತ್ತು ಜನ ಕೂಗಿದ್ದರು.

ಲೇತ್ ವಿಭಾಗದಲ್ಲಿ ಎಣ್ಣೆಯ ವಾಸನೆ, ಕಾಲಡಿಯಲ್ಲಿ ಸುರುಳಿ ಸುರುಳಿ ಲೋಹದ ಚೂರು. ಮೂವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಪೊಲೀಸರನ್ನು ನೋಡಿದವನೇ ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು, ಜೇಬಿನಿಂದ ಒಂದು ಕೀಲಿ ತೆಗೆದು ಇನ್‌ಸ್ಪೆಕ್ಟರ ಅಂಗೈಯಲ್ಲಿಟ್ಟ. ಹಿತ್ತಾಳೆಯ ಕೀಲಿ, ಕನ್ನಡಿಯ ಹಾಗೆ ಉಜ್ಜಿದ್ದು. ಇಬ್ಬರು ಪಂಚರ ಎದುರು ಕೀಲಿ, ಮೊಬೈಲ್ ಜಪ್ತಿ ಮಾಡಿದರು. ಮೊಬೈಲಿನಲ್ಲಿ ಬೂಟು, ಮಂಚ, ಬಾಚಣಿಗೆ, ಕಿಟಕಿಯ ಮೇಲಿನ ಪುಟ್ಟ ಕನ್ನಡಕ, ಎಲ್ಲದರ ಚಿತ್ರಗಳಿದ್ದವು.

“ಕೀಲಿಯ ಅಳತೆ ಹೇಗೆ ಸಿಕ್ಕಿತು?”

“ಚಕ್ರ ನಾನು ಕಡೆದದ್ದು. ನಲವತ್ತೆಂಟು. ಅದರಿಂದ ಬಂತು.”

“ಮಂಚ?”

“ಅಳೀಲಿಲ್ಲ ಸಾರ್. ನೆನಪಿದೆ.”

“ಅಳತೆ ಕೇಳಿದವರಿಗೆ ಯಾಕೆ ಉತ್ತರ ಕೊಟ್ಟೆ?”

ಅವನು ಅದಕ್ಕೆ ತಬ್ಬಿಬ್ಬಾದ. “ಅಳತೆ ಕೇಳಿದ್ರು. ತಪ್ಪು ತಗೊಂಡು ಹೋಗಬಾರದಲ್ಲ,” ಎಂದ. ಮಾರುವ ಉದ್ದೇಶವೇ ಇಲ್ಲದ ಮಂಚಕ್ಕೆ ಸರಿಯಾದ ಅಳತೆ ಕೊಟ್ಟಿದ್ದ ಪುಣ್ಯಾತ್ಮ.

ಆ ಜಾಹೀರಾತನ್ನು ಅವನ ಕೈಯಿಂದಲೇ ತೆಗೆಸಿದರು. ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಇನ್‌ಸ್ಪೆಕ್ಟರು ಒಂದೇ ಮಾತು ಕೇಳಿದರು: “ಯಾಕೆ?”

“ನಾನೂ ಕೂಗಿದೆ ಸಾರ್. ಅತ್ತಿಗೆ ಹೇಳಿದ ಹಾಗೆ. ನನ್ನ ಚಕ್ರಕ್ಕೆ ನಾನೇ ಕೂಗಿದೆ. ಕೊನೇ ನಿಮಿಷದಲ್ಲಿ ಯಾರೋ ಮೇಲೆ ಹೋದರು. ನನ್ನ ಕೈಲಾಗಲಿಲ್ಲ.” ಅವನ ಧ್ವನಿ ಏರಲಿಲ್ಲ. “ಹನ್ನೊಂದು ವರ್ಷ ಅಣ್ಣ ನಾನು ಒಂದೇ ಮೇಜಿನಲ್ಲಿ ಕೂತು ಮಾಡಿದ್ದು. ಪತಿ ಮಾಡಿದ್ದು ಅಂತ ಬರೆದ್ರು. ಬಳಸಿದ್ದು ಅಂತ ಬರೆದ್ರು. ಹೋಗಲಿ. ಮನೆ ಸಾಮಾನಿಗೆ ಯಾರ್ಯಾರೋ ಬೆಲೆ ಕೂಗೋದನ್ನ ಕೂತು ನೋಡೋದು ಹೇಗಿರತ್ತೆ ಅಂತ ಅತ್ತಿಗೆಗೂ ಒಂದು ಸಲ ಗೊತ್ತಾಗಲಿ ಅಂದ್ಕೊಂಡೆ. ಅಷ್ಟೇ. ಹೆದರಿಸಬೇಕು ಅಂತಲ್ಲ.”

“ಮಗು ಹೆದರಿದೆ.”

“ಪುಟ್ಟೀನಾ?” ಅವನು ತಟ್ಟನೆ ತಲೆಯೆತ್ತಿದ. “ಅವಳಿಗ್ಯಾಕೆ ಹೇಳಿದ್ರು? ಅವಳಿಗೆ ಗೊತ್ತಾಗಬಾರದಿತ್ತು.”

ಒಂದು ಮನೆಯಲ್ಲಿ ತಾಯಿಯನ್ನು ಮಾತ್ರ ಹೆದರಿಸಿ ಮಗುವನ್ನು ಬಿಡಬಹುದು ಎಂದು ಈ ಮನುಷ್ಯ ನಿಜವಾಗಿಯೂ ನಂಬಿದ್ದ. ಮಿಲಿಮೀಟರು ತಪ್ಪದವನು ಇಷ್ಟು ದೊಡ್ಡ ಲೆಕ್ಕ ತಪ್ಪಿದ್ದ.

ಸಂಜೆ 4 ಗಂಟೆ 50 ನಿಮಿಷಕ್ಕೆ, ಒಳಗೆ ಬಂದದ್ದು ಹೇಗೆಂದು ತೋರಿಸಲು ಆರೋಪಿಯನ್ನು ಆ ಮನೆಗೆ ಕರೆತಂದರು. ತಾಯಿಗೆ ಮೊದಲೇ ಫೋನಿನಲ್ಲಿ ತಿಳಿಸಿದ್ದರು. ಮಗುವನ್ನು ಪಕ್ಕದ ಮನೆಯಲ್ಲಿ ಬಿಡಿ ಎಂದೂ ಹೇಳಿದ್ದರು. ಅವಳು ಬಿಟ್ಟಿದ್ದಳು. ಮಗಳಿಗೆ ಏನನ್ನೂ ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ಕೈಕೋಳದ ಮೇಲೆ ಹರಾಜಮ್ಮ ಒಂದು ಟವಲ್ ಹೊದಿಸಿದಳು.

ಜೀಪಿನ ಸದ್ದಿಗೆ ಪಕ್ಕದ ಮನೆಯ ಗೇಟು ಧಡಾರೆಂದು ತೆರೆಯಿತು. “ಚಿಕ್ಕಪ್ಪಾ!”

ಹಿಡಿಯಲು ಹೋದ ಗೊಣಗಪ್ಪನ ಕೈ ತಪ್ಪಿಸಿ ಮಗು ಓಡಿಬಂದು ಅವನ ಸೊಂಟ ತಬ್ಬಿಕೊಂಡಿತು. ಒಂದು ವಾರದಿಂದ ಕಟ್ಟಿಕೊಂಡದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. “ಚಿಕ್ಕಪ್ಪಾ, ನಮ್ಮನೇಗೆ ಒಬ್ಬ ಬಂದಿದ್ದ. ನನ್ನ ಮಂಚ ಮಾರ್ತಾನಂತೆ. ನನ್ನೂ ಎತ್ಕೊಂಡು ಹೋಗ್ತಾನೆ. ಅಮ್ಮ ನಿದ್ದೇನೇ ಮಾಡಲ್ಲ. ನಾನು ಹೇಳಿದೆ ಚಿಕ್ಕಪ್ಪನ್ನ ಕರಿ ಅಂತ. ಕರೀಲೇ ಇಲ್ಲ. ನೀನು ಇವತ್ತು ಇಲ್ಲೇ ಮಲ್ಕೋ. ಬಾಗಿಲ ಹತ್ರ ಮಲ್ಕೋ.”

ಅವನು ತಲೆ ಬಗ್ಗಿಸಿದ. “ಅವನು ಇನ್ನು ಬರಲ್ಲ ಪುಟ್ಟಿ,” ಎಂದ.

“ಹಿಡಿದ್ರಾ?”

“ಹೂಂ.”

“ಹಾಗಾದ್ರೂ ನೀನಿರು. ನಂಗಿನ್ನೂ ಹೆದರಿಕೆ ಆಗತ್ತೆ.”

ಬಾಗಿಲಲ್ಲಿ ನಿಂತಿದ್ದ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಹಜರು ಬರೆಯುವಷ್ಟು ಹೊತ್ತೂ ಮಗು ಅವನ ಅಂಗಿಯ ತುದಿ ಹಿಡಿದುಕೊಂಡೇ ಇತ್ತು. ಇಲ್ಲಿಂದ ಬಂದೆ, ಇಲ್ಲಿ ನಿಂತೆ ಎಂದು ಅವನು ಪಿಸುಗುಟ್ಟಿದ್ದು ಅದಕ್ಕೆ ಕೇಳಿಸಲಿಲ್ಲ. ಕೊನೆಗೆ ಸಹಿ ಹಾಕುವ ಸರದಿ ಬಂತು. ಸಹಿಗೆ ಬಲಗೈ ಬೇಕು. ಇನ್‌ಸ್ಪೆಕ್ಟರು ಮಗುವನ್ನು ನೋಡಿದರು, ತಾಯಿಯನ್ನು ನೋಡಿದರು, ಬೇರೆ ದಾರಿ ಕಾಣದೆ ಟವಲ್ ತೆಗೆದರು.

ಮಗು ಕೋಳ ನೋಡಿತು. ಅವನ ಮುಖ ನೋಡಿತು. ಅವನು ಏನಾದರೂ ಹೇಳುತ್ತಾನೆಂದು ಕಾದಿತು. ಅವನು ಹೇಳಲಿಲ್ಲ. ಅಂಗಿಯ ತುದಿ ಬಿಟ್ಟು ಒಂದೊಂದೇ ಹೆಜ್ಜೆ ಹಿಂದೆ ಸರಿದು, ಅಮ್ಮನ ಪಕ್ಕದಿಂದ ಹಾದು ಒಳಕೋಣೆಗೆ ಹೋಯಿತು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಎಲ್ಲರಿಗೂ ಕೇಳಿಸಿತು.